ಕಡಲೂರಿನಲ್ಲಿ ಸ್ಪ್ಯಾನಿಷ್: ಪುಯೆರ್ತೊ ಎಸ್ಕೊಂದಿದೊಗೆ ಹೊರಟವರಿಗೆ ಒಂದು ಕೈಪಿಡಿ

ಸ್ಪ್ಯಾನಿಷ್ ಕಲಿಯಲು ಕಡಲತೀರದ ಊರಿಗೆ ಹೋಗುತ್ತೇನೆ ಎಂದರೆ ಮನೆಯವರು ಮುಸಿಮುಸಿ ನಗುತ್ತಾರೆ. ಆ ನಗುವಿಗೆ ಕಾರಣವಿದೆ. ನಾಲ್ಕು ವಾರ ಸಮುದ್ರದ ಬಳಿ ಇದ್ದು, ಒಂದು ಬಿಯರ್ ಕೇಳುವಷ್ಟು ಮಾತು ಮಾತ್ರ ಕಲಿತು ಮರಳುವವರು ಬೇಕಾದಷ್ಟು ಮಂದಿ. ಪ್ರವಾಸಿಗರನ್ನು ನೆಚ್ಚಿದ ಯಾವ ಊರಾದರೂ ಬಂದವರ ಭಾಷೆಯನ್ನು ಬೇಗ ಕಲಿತುಬಿಡುತ್ತದೆ. ನೀವು ತಡವರಿಸುತ್ತಾ ಸ್ಪ್ಯಾನಿಷ್‌ನಲ್ಲಿ ಕಾಫಿ ಕೇಳಿದರೆ, ಅಂಗಡಿಯ ಹುಡುಗ ಪಾಪ ಎಂದು ಇಂಗ್ಲಿಷಿನಲ್ಲೇ ಉತ್ತರಿಸುತ್ತಾನೆ.

ಹಾಗಿದ್ದರೂ ಭಾಷೆಯ ನಡುವೆಯೇ ಬದುಕಿ ಕಲಿಯುವುದಕ್ಕೆ, ಅಂದರೆ ಶಾಲೆಗಳು ಇಮ್ಮರ್ಶನ್ ಎಂದು ಕರೆಯುವ ಕ್ರಮಕ್ಕೆ, ಸಣ್ಣ ಕಡಲೂರು ಒಳ್ಳೆಯ ಜಾಗ ಎಂದೇ ನನ್ನ ಅಭಿಪ್ರಾಯ. ಊರು ಚಿಕ್ಕದಾದರೆ ಅದೇ ಮುಖಗಳು ಮತ್ತೆ ಮತ್ತೆ ಎದುರಾಗುತ್ತವೆ. ಯಾರಿಗೂ ಅವಸರವಿರುವುದಿಲ್ಲ, ಜಗಲಿಯಲ್ಲಿ ಕುಳಿತವರು ಮಾತಿಗೆ ಸಿಗುತ್ತಾರೆ. ಆದರೆ ಎರಡು ವಿಷಯಗಳನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು: ಯಾರ ಮನೆಯಲ್ಲಿ ಇರುತ್ತೀರಿ, ತರಗತಿ ಮುಗಿದ ಮೇಲೆ ಎಲ್ಲಿಗೆ ಹೋಗುತ್ತೀರಿ. ಶಾಲೆ ಯಾವುದು ಎಂಬುದು ಇವುಗಳ ನಂತರದ ಪ್ರಶ್ನೆ.

ಇಲ್ಲಿ ಹೇಳುವುದೆಲ್ಲ ಮೆಕ್ಸಿಕೊ ದೇಶದ ವಹಾಕಾ ರಾಜ್ಯದ ಪೆಸಿಫಿಕ್ ಕರಾವಳಿಯಲ್ಲಿರುವ ಪುಯೆರ್ತೊ ಎಸ್ಕೊಂದಿದೊ ಊರನ್ನು ಕುರಿತದ್ದು. ಕೋಸ್ತಾ ರಿಕಾದ ಸಾಮರಾಕ್ಕೋ ಸ್ಪೇನಿನ ಕಾದಿಸ್‌ಗೋ ಹೊರಟವರಿಗೂ ಇದರಲ್ಲಿ ಅರ್ಧ ಉಪಯೋಗಕ್ಕೆ ಬಂದೀತು.

1. ಊರನ್ನು ಮೊದಲು ನಕ್ಷೆಯಲ್ಲಿ ಅರ್ಥ ಮಾಡಿಕೊಳ್ಳಿ

ಪುಯೆರ್ತೊ ಎಸ್ಕೊಂದಿದೊ ಎಂಬ ಒಂದೇ ಹೆಸರಿನಡಿ ಹಲವು ಊರುಗಳಿವೆ. ಆಡಳಿತದ ಲೆಕ್ಕದಲ್ಲೂ ಅದು ಸಾನ್ ಪೆದ್ರೊ ಮಿಶ್ತೆಪೆಕ್ ಮತ್ತು ಸಾಂತಾ ಮರಿಯಾ ಕೊಲೊತೆಪೆಕ್ ಎಂಬ ಎರಡು ಪುರಸಭೆಗಳಿಗೆ ಹಂಚಿಹೋಗಿದೆ. ಪೂರ್ವಕ್ಕೆ ಉದ್ದಕ್ಕೆ ಚಾಚಿಕೊಂಡಿರುವುದು ಸಿಕಾತೆಲಾ ತೀರ. ಅಲ್ಲಿನ ಅಲೆಗೆ ಸರ್ಫಿಂಗ್ ಲೋಕದಲ್ಲಿ ‘ಮೆಕ್ಸಿಕನ್ ಪೈಪ್‌ಲೈನ್’ ಎಂಬ ಹೆಸರು. ಅದರ ತುದಿಯ ಲಾ ಪುಂತಾದಲ್ಲಿ ಹಾಸ್ಟೆಲ್‌ಗಳು, ಯೋಗ ಶಾಲೆಗಳು, ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವ ಕೆಫೆಗಳು ತುಂಬಿವೆ. ಪಶ್ಚಿಮಕ್ಕೆ ರಿಂಕೊನಾದಾ ಬಡಾವಣೆ, ಅದರ ಕೆಳಗೆ ಕಾರಿಸಾಲಿಯೊ ಎಂಬ ಪುಟ್ಟ ಕೊಲ್ಲಿ. ಅಲ್ಲಿಗೆ ನೂರೈವತ್ತಕ್ಕೂ ಹೆಚ್ಚು ಮೆಟ್ಟಿಲು ಇಳಿಯಬೇಕು. ಇಳಿಯುವಾಗ ಏನೂ ಅನ್ನಿಸುವುದಿಲ್ಲ. ಇವುಗಳ ಮೇಲ್ಭಾಗದಲ್ಲಿ, ಕರಾವಳಿ ಹೆದ್ದಾರಿಯ ಆಚೆ, ಊರಿನವರ ನಿಜವಾದ ಊರಿದೆ: ಬೆನಿತೊ ಹುವಾರೆಸ್ ಮಾರುಕಟ್ಟೆ, ಹೊಲಿಗೆಯಂಗಡಿ, ಕಬ್ಬಿಣದ ಸಾಮಾನಿನ ಅಂಗಡಿ, ಮಕ್ಕಳ ಶಾಲೆ.

ನೀವು ಇರಬೇಕಾದದ್ದು ಈ ಮೇಲಿನ ಊರಿನಲ್ಲಿ, ಇಲ್ಲವೇ ಅದಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ. ಲಾ ಪುಂತಾ ಚೆಂದದ ಜಾಗ, ಸಂಜೆ ಹೋಗಿ ಬನ್ನಿ. ಅಲ್ಲೇ ಬಿಡಾರ ಹೂಡಿದರೆ ಇಂಗ್ಲಿಷ್, ಫ್ರೆಂಚ್, ಹೀಬ್ರೂ ಎಲ್ಲ ಕಿವಿಗೆ ಬೀಳುತ್ತವೆ. ಸ್ಪ್ಯಾನಿಷ್ ಮಾತ್ರ ಬಿಲ್ ಕೊಡುವಾಗ ಕೇಳಿಸುತ್ತದೆ.

ಕಾಲದ ವಿಷಯ. ನವೆಂಬರಿನಿಂದ ಏಪ್ರಿಲ್‌ವರೆಗೆ ಒಣಹವೆ. ಮೇ ತಿಂಗಳ ಸೆಕೆಯ ಹಿಂದೆಯೇ ಮಳೆ ಶುರುವಾಗಿ ಅಕ್ಟೋಬರ್‌ವರೆಗೆ ನಡೆಯುತ್ತದೆ, ಚಂಡಮಾರುತದ ಭಯವೂ ಆಗಲೇ. 2022ರ ಮೇ ಕೊನೆಯಲ್ಲಿ ಅಗಾಥಾ ಚಂಡಮಾರುತ ಇದೇ ಕರಾವಳಿಯ ಪುಯೆರ್ತೊ ಆಂಹೆಲ್ ಬಳಿ ಅಪ್ಪಳಿಸಿತ್ತು. ಡಿಸೆಂಬರ್ ಕೊನೆ ಮತ್ತು ಈಸ್ಟರ್ ಹಿಂದಿನ ‘ಸೆಮಾನಾ ಸಾಂತಾ’ ವಾರದಲ್ಲಿ ದೇಶದ ಅರ್ಧ ಜನ ಸಮುದ್ರಕ್ಕೆ ಬರುತ್ತಾರೆ. ಬಾಡಿಗೆ ಏರುತ್ತದೆ, ಆತಿಥ್ಯದ ಮನೆಗಳಲ್ಲಿ ಅವರ ನೆಂಟರೇ ತುಂಬಿರುತ್ತಾರೆ. ನವೆಂಬರ್ ಮೊದಲರ್ಧ ಅಥವಾ ಜನವರಿ ಮಧ್ಯದಿಂದ ಫೆಬ್ರವರಿ ಕೊನೆಯವರೆಗಿನ ಅವಧಿ ಕಲಿಯುವವರಿಗೆ ಹೇಳಿಮಾಡಿಸಿದ್ದು. ನವೆಂಬರ್ 1 ಮತ್ತು 2ರಂದು ಪಿತೃಗಳ ಹಬ್ಬ ‘ದಿಯಾ ದೆ ಮುಯೆರ್ತೋಸ್’. ಮನೆಯಲ್ಲಿ ಪೀಠ ಕಟ್ಟಿ, ಚೆಂಡುಹೂವು ಇಟ್ಟು, ತೀರಿಕೊಂಡವರಿಗೆ ಇಷ್ಟವಾದದ್ದನ್ನು ಎಡೆಯಿಡುತ್ತಾರೆ. ಮಹಾಲಯ ಅಮಾವಾಸ್ಯೆ ಕಂಡು ಬೆಳೆದವರು ಅಂದು ಕೇಳುವ ಪ್ರಶ್ನೆಗಳಿಗೆ ಮನೆಯವರು ಮನಬಿಚ್ಚಿ ಉತ್ತರಿಸುತ್ತಾರೆ.

2. ಎಷ್ಟು ದಿನ?

ಎರಡು ವಾರಕ್ಕಿಂತ ಕಡಿಮೆಯಾದರೆ ಹೋಗಬೇಡಿ, ಅದು ಪ್ರವಾಸವಾಗಿಯೇ ಇರಲಿ. ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆ ಇಂಗ್ಲಿಷ್ ಮಾತೃಭಾಷೆಯವರಿಗೆ ಸ್ಪ್ಯಾನಿಷ್‌ನಲ್ಲಿ ವೃತ್ತಿಗೆ ಸಾಲುವಷ್ಟು ಹಿಡಿತ ಬರಲು 600ರಿಂದ 750 ತರಗತಿ ಗಂಟೆ ಬೇಕೆಂದು ಬಹಳ ವರ್ಷಗಳಿಂದ ಲೆಕ್ಕ ಹಾಕುತ್ತಾ ಬಂದಿದೆ. ಇಂಥ ಶಾಲೆಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ಪಾಠ. ನಾಲ್ಕು ವಾರಕ್ಕೆ 80 ಗಂಟೆಯಾಯಿತು. ಲೆಕ್ಕ ನಿಮಗೇ ಗೊತ್ತಾಗುತ್ತದೆ: ಒಂದು ತಿಂಗಳಲ್ಲಿ ಯಾರೂ ನಿರರ್ಗಳರಾಗುವುದಿಲ್ಲ, ಆಗುತ್ತೀರಿ ಎನ್ನುವ ಶಾಲೆಯನ್ನು ನಂಬಬೇಡಿ. ಶೂನ್ಯದಿಂದ ಹೊರಟವರು ತಿಂಗಳಲ್ಲಿ ಮನೆಯವರೊಂದಿಗೆ ಊಟದ ಹೊತ್ತು ಮಾತಾಡುವ ಮಟ್ಟ ಮುಟ್ಟಿದರೆ ಅದು ಒಳ್ಳೆಯ ಗಳಿಕೆ. ಆರರಿಂದ ಎಂಟು ವಾರ ಸಿಕ್ಕರೆ ಕಥೆಯೇ ಬೇರೆ.

3. ಮನೆಯಲ್ಲೇ ಎರಡು ತಿಂಗಳ ತಯಾರಿ

ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ‘ಅಲ್ಲೇ ಹೋಗಿ ಕಲಿಯುವುದಲ್ಲವೇ’ ಎನ್ನುತ್ತಾರೆ. ಅಂಕಿಗಳನ್ನೂ ವಾರದ ಹೆಸರುಗಳನ್ನೂ ಕಲಿಯಲು ಅಷ್ಟು ದೂರ ವಿಮಾನ ಹತ್ತುವುದು ದುಬಾರಿ ಕೆಲಸ. ಸಾವಿರದವರೆಗಿನ ಅಂಕಿ, ವರ್ತಮಾನ ಕಾಲದ ಕ್ರಿಯಾರೂಪ, ನಾನೂರು ಐನೂರು ಪದ, ಇಷ್ಟನ್ನು ಊರಲ್ಲೇ ಮುಗಿಸಿ. ಮೊದಲ ವಾರ ವ್ಯರ್ಥವಾಗುವುದಿಲ್ಲ.

ಈ ಹಂತದಲ್ಲಿ ಕನ್ನಡಿಗರಿಗೆ ಒಂದು ಮಾತು ಹೇಳಬೇಕು. ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಲಿಯಬೇಡಿ. ಪುಸ್ತಕ ಇಂಗ್ಲಿಷಿನದೇ ಆಗಿರಲಿ, ತಲೆಯೊಳಗಿನ ಸೇತುವೆ ಕನ್ನಡದ್ದಾಗಿರಲಿ. ಇದು ಭಾಷಾಭಿಮಾನದ ಮಾತಲ್ಲ, ಶ್ರಮ ಉಳಿಸುವ ಉಪಾಯ.

ಉಚ್ಚಾರದಿಂದ ಶುರು ಮಾಡಿ. ಸ್ಪ್ಯಾನಿಷ್‌ನಲ್ಲಿ ಐದೇ ಸ್ವರ: ಅ, ಎ, ಇ, ಒ, ಉ. ಎಲ್ಲಿ ಬಂದರೂ ಅದೇ ಧ್ವನಿ. ತಕಾರ ದಕಾರಗಳಲ್ಲಿ ನಾಲಿಗೆ ಹಲ್ಲಿಗೆ ತಾಗಬೇಕು, ಅಂದರೆ ನಮ್ಮ ತ ಮತ್ತು ದ. ಇಂಗ್ಲಿಷ್ ಶಾಲೆಯಲ್ಲಿ ಓದಿದವರು ಬಾಯ್ತಪ್ಪಿ ‘ಟ್ಯಾಕೊ’ ಎನ್ನುತ್ತಾರೆ. ಅಲ್ಲಿ ಅದು ಶುದ್ಧ ‘ತಾಕೊ’. ಪೆರೊ ಎಂದರೆ ‘ಆದರೆ’, ಪೆರ್ರೊ ಎಂದರೆ ನಾಯಿ. ಇಂಗ್ಲಿಷರು ತಿಂಗಳುಗಟ್ಟಲೆ ಗಂಟಲು ಹರಿದುಕೊಳ್ಳುವ ಈ ರ್ರಕಾರ ನಮಗೆ ಹುಟ್ಟಿನಿಂದ ಬಂದದ್ದು. ‘ಎಚ್’ (h) ಅಕ್ಷರ ಮೌನ. ವ ಮತ್ತು ಬ ಅಕ್ಷರಗಳೆರಡಕ್ಕೂ ಒಂದೇ ಧ್ವನಿ, ತುಟಿ ಸಡಿಲವಾಗಿ ತಾಗುವ ಬಕಾರ. ಆರಂಭದ ದಿನಗಳಲ್ಲಿ ಕನ್ನಡ ಲಿಪಿಯಲ್ಲೇ ಟಿಪ್ಪಣಿ ಬರೆದುಕೊಳ್ಳಿ. ಹದಿನೈದು ದಿನದ ನಂತರ ಅದನ್ನು ಬಿಟ್ಟುಬಿಡಿ, ಇಲ್ಲವಾದರೆ ಓದುವುದು ನಿಧಾನವಾಗುತ್ತದೆ.

ವ್ಯಾಕರಣದಲ್ಲಿ ನೆರವು ಇನ್ನೂ ದೊಡ್ಡದು. ‘ಮೆ ಗುಸ್ತಾ ಎಲ್ ಕಫೆ’ ಎಂಬ ವಾಕ್ಯ ಇಂಗ್ಲಿಷಿನಿಂದ ಬಂದವರಿಗೆ ತಲೆಕೆಳಗಾಗಿ ಕಾಣುತ್ತದೆ. ನಮಗೆ ಅದು ‘ನನಗೆ ಕಾಫಿ ಇಷ್ಟ’, ಅಷ್ಟೇ. ‘ಮೆ ದ್ವೇಲೆ ಲಾ ಕಬೇಸಾ’ ಅಂದರೆ ‘ನನಗೆ ತಲೆ ನೋಯುತ್ತದೆ’. ‘ಸೆ ಮೆ ಒಲ್ಬಿದೊ’ ಅಂದರೆ ‘ನನಗೆ ಮರೆತುಹೋಯಿತು’. ಚತುರ್ಥಿ ವಿಭಕ್ತಿ ಬಾಯಲ್ಲಿ ಆಡುವವರಿಗೆ ಈ ಪಾಠ ಅರ್ಧ ಗಂಟೆಯದು. ಕ್ರಿಯಾಪದದ ಬಾಲದಲ್ಲೇ ಕರ್ತೃ ಇರುವುದರಿಂದ ‘ಹೋಗುತ್ತೇನೆ’ ಎಂದಂತೆ ಬರೀ ‘ಬೊಯ್’ ಎಂದರೆ ಸಾಕು. ಪ್ರತಿ ವಾಕ್ಯಕ್ಕೂ ‘ಯೊ, ಯೊ’ ಎಂದು ‘ನಾನು’ ಹಚ್ಚುವುದು ಇಂಗ್ಲಿಷಿನ ಚಾಳಿ. ‘ಹೋದೆ’ ಮತ್ತು ‘ಹೋಗುತ್ತಿದ್ದೆ’ಗಳ ನಡುವಿನ ಅಂತರ ಬಹುಪಾಲು ಅವರ ‘ಫುಯಿ’ ಮತ್ತು ‘ಇಬಾ’ಗಳ ಅಂತರವೇ. ಎಲ್ಲರೂ ಹೆದರುವ ಸಬ್‌ಜಂಕ್ಟಿವ್ ಎಂಬ ರೂಪಕ್ಕೂ ನಮ್ಮಲ್ಲಿ ಬಾಗಿಲಿದೆ: ‘ಕೆ ಬೆಂಗಾ’ ಎಂದರೆ ‘ಬರಲಿ’.

‘ಇರು’ ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲಿ ಸೆರ್, ಎಸ್ತಾರ್ ಎಂಬ ಎರಡು ಕ್ರಿಯಾಪದಗಳಿವೆ. ಇದಕ್ಕೆ ಒಂದು ಒರಟು ಸೂತ್ರ ಕೊಡುತ್ತೇನೆ. ಕನ್ನಡದಲ್ಲಿ ಕ್ರಿಯಾಪದವೇ ಬೇಡವಾದ ಕಡೆ ಸೆರ್ (‘ಅವಳು ವೈದ್ಯೆ’, ‘ನಾನು ಮೈಸೂರಿನವನು’). ‘ಇದೆ, ಇದ್ದಾನೆ’ ಎಂದು ಹೇಳುವ ಕಡೆ ಎಸ್ತಾರ್ (‘ಚಹಾ ಬಿಸಿಯಾಗಿದೆ’, ‘ಅವನು ಮನೆಯಲ್ಲಿದ್ದಾನೆ’). ಹತ್ತರಲ್ಲಿ ಏಳೆಂಟು ಸಲ ಇದು ಕೈ ಹಿಡಿಯುತ್ತದೆ. ಸಭೆ ಸಮಾರಂಭ ಎಲ್ಲಿ ನಡೆಯುತ್ತದೆ ಎಂದು ಹೇಳಲು ಮಾತ್ರ ಸೆರ್ ಬೇಕು, ಅಲ್ಲಿ ಸೂತ್ರ ಕೈಕೊಡುತ್ತದೆ.

ಕನ್ನಡ ನೆರವಾಗದ ಜಾಗವೂ ಇದೆ. ಮೇಜು ಹೆಣ್ಣು, ಪುಸ್ತಕ ಗಂಡು ಎಂದರೆ ನಮಗೆ ನಗು ಬರುತ್ತದೆ. ಹಿಂದಿ ಬಲ್ಲವರಿಗೆ ಅಷ್ಟು ವಿಚಿತ್ರವೆನಿಸದು. ಪದದ ಜೊತೆ ‘ಎಲ್’ ಅಥವಾ ‘ಲಾ’ ಸೇರಿಸಿಯೇ ಬಾಯಿಪಾಠ ಮಾಡಿ. ಕೈಗೆ ‘ಲಾ ಮಾನೊ’, ಸಮಸ್ಯೆಗೆ ‘ಎಲ್ ಪ್ರೊಬ್ಲೇಮಾ’. ಕೊನೆಯಕ್ಷರ ನೋಡಿ ಊಹಿಸಲು ಹೊರಟರೆ ಮೊದಲ ದಿನವೇ ಈ ಎರಡು ಕಾಲೆಳೆಯುತ್ತವೆ.

4. ಕಾಗದಪತ್ರ ಮತ್ತು ದಾರಿ

ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಮೆಕ್ಸಿಕೊ ವೀಸಾ ಬೇಕು. ಆದರೆ ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ ಇದ್ದರೆ ಪ್ರವಾಸಿಗರಾಗಿ ಹೋಗಲು ಬೇರೆ ವೀಸಾ ಕೇಳುವುದಿಲ್ಲ. ಗರಿಷ್ಠ ಮಿತಿ 180 ದಿನ. ಎಷ್ಟು ದಿನ ಕೊಡಬೇಕೆಂದು ತೀರ್ಮಾನಿಸುವುದು ವಿಮಾನ ನಿಲ್ದಾಣದ ಅಧಿಕಾರಿ, ಆದ್ದರಿಂದ ಶಾಲೆಯ ಪತ್ರ, ಮರಳುವ ಟಿಕೆಟ್, ಇಳಿದುಕೊಳ್ಳುವ ವಿಳಾಸ ಕೈಯಲ್ಲೇ ಇರಲಿ. ಅಮೆರಿಕದಲ್ಲಿ ಕೆಲಸದ ಮೇಲಿರುವ ಕನ್ನಡಿಗರು ಒಂದನ್ನು ಗಮನಿಸಬೇಕು: ಪಾಸ್‌ಪೋರ್ಟಿನೊಳಗಿನ ವೀಸಾ ಚೀಟಿಯ ಅವಧಿ ಮುಗಿದಿದ್ದರೆ ಅನುಮೋದನೆ ಪತ್ರವೊಂದನ್ನು ತೋರಿಸಿ ಮೆಕ್ಸಿಕೊ ಪ್ರವೇಶಿಸಲು ಬರುವುದಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ. ಟಿಕೆಟ್ ಕೊಳ್ಳುವ ಮುನ್ನ ನವದೆಹಲಿಯ ಮೆಕ್ಸಿಕೊ ರಾಯಭಾರ ಕಚೇರಿ ಪ್ರಕಟಿಸಿರುವುದನ್ನು ಓದಿಕೊಳ್ಳಿ.

ಬೆಂಗಳೂರಿನಿಂದ ಮೆಕ್ಸಿಕೊ ನಗರಕ್ಕೆ ನೇರ ವಿಮಾನವಿಲ್ಲ. ಯುರೋಪಿನ ಮೂಲಕ ಹೋಗುವುದು ಸುಲಭ. ಅಮೆರಿಕದ ಮೂಲಕವಾದರೆ ವಿಮಾನ ಬದಲಿಸಲಿಕ್ಕೂ ಅಲ್ಲಿನ ವೀಸಾ ಬೇಕು. ಮೆಕ್ಸಿಕೊ ನಗರದಿಂದ ಪುಯೆರ್ತೊ ಎಸ್ಕೊಂದಿದೊಗೆ ಒಳನಾಡಿನ ವಿಮಾನಗಳಿವೆ. ವಹಾಕಾ ನಗರವನ್ನು ನೋಡಿಕೊಂಡು ಹೋಗುವವರಿಗೆ 2024ರ ಫೆಬ್ರವರಿಯಲ್ಲಿ ತೆರೆದ ಹೊಸ ಹೆದ್ದಾರಿ ವರದಾನ. ಗುಡ್ಡ ಸುತ್ತುವ ಹಳೆಯ ದಾರಿ ಆರೇಳು ಗಂಟೆ ಹಿಡಿಯುತ್ತಿತ್ತು, ವಾಂತಿ ಬೇರೆ. ಈಗ ಮೂರು ಗಂಟೆಯ ಆಸುಪಾಸಿನಲ್ಲಿ ಕೆಳಗಿಳಿಯಬಹುದು.

ಅಲ್ಲಿ ಬೆಲೆಯ ಮುಂದೆ ಡಾಲರ್ ಚಿಹ್ನೆ ಕಂಡು ಗಾಬರಿಯಾಗಬೇಡಿ. ಪೇಸೋಗೂ ಅದೇ ಚಿಹ್ನೆ, ಒಂದು ಪೇಸೋ ಸುಮಾರು ನಾಲ್ಕೈದು ರೂಪಾಯಿ. ವಿದ್ಯುತ್ 127 ವೋಲ್ಟ್, ಪ್ಲಗ್ಗಿಗೆ ಎರಡು ಚಪ್ಪಟೆ ಕಾಲು. ನಮ್ಮ ಮೊಬೈಲ್ ಚಾರ್ಜರ್‌ಗೆ ಅಡಾಪ್ಟರ್ ಸಾಕು, ಮಿಕ್ಸಿ ಒಯ್ಯುವ ಆಲೋಚನೆ ಬೇಡ.

5. ಶಾಲೆಗೆ ಕೇಳಬೇಕಾದದ್ದು, ಮನೆಗೆ ಕೇಳಬೇಕಾದದ್ದು

ಶಾಲೆಗಳ ಜಾಲತಾಣಗಳೆಲ್ಲ ಒಂದೇ ಥರ: ನಗುವ ಮುಖಗಳು, ಸರ್ಫ್ ಹಲಗೆ, ಸೂರ್ಯಾಸ್ತ. ಅವನ್ನು ಬದಿಗಿಟ್ಟು ಮಿಂಚಂಚೆಯಲ್ಲಿ ನೇರವಾಗಿ ಕೇಳಿ. ತರಗತಿಯಲ್ಲಿ ಗರಿಷ್ಠ ಎಷ್ಟು ಜನ? ಆರಕ್ಕಿಂತ ಹೆಚ್ಚಾದರೆ ಬಾಯಿ ತೆರೆಯುವ ಸರದಿ ಬರುವುದಿಲ್ಲ. ನನ್ನ ಮಟ್ಟದ ಬೇರೆ ವಿದ್ಯಾರ್ಥಿ ಇಲ್ಲದಿದ್ದರೆ ಏನು ಮಾಡುತ್ತೀರಿ? ಕೆಲವು ಶಾಲೆಗಳು ಒಬ್ಬರಿಗೇ ಪಾಠ ಹೇಳಿ ಗಂಟೆ ಕಡಿಮೆ ಮಾಡುತ್ತವೆ, ಅದು ಒಳ್ಳೆಯದೇ. ಕೆಲವು ಬೇರೆ ಮಟ್ಟದವರ ಜೊತೆ ಕೂರಿಸುತ್ತವೆ, ಅದು ಒಳ್ಳೆಯದಲ್ಲ. ಶಿಕ್ಷಕರು ಪಾಠವನ್ನು ಯಾವ ಭಾಷೆಯಲ್ಲಿ ವಿವರಿಸುತ್ತಾರೆ? ನೋಂದಣಿ, ಪುಸ್ತಕ ಎಲ್ಲ ಸೇರಿ ಇಷ್ಟೇ ಹಣವೇ? ರಜಾದಿನ ಬಂದರೆ ಆ ಗಂಟೆಗಳನ್ನು ತುಂಬಿಕೊಡುತ್ತೀರಾ?

‘ಸರ್ಫ್ ಮತ್ತು ಸ್ಪ್ಯಾನಿಷ್’ ಎಂಬ ಜೋಡಿ ಕೋರ್ಸುಗಳ ಬಗ್ಗೆ ನನಗೆ ಅರೆಮನಸ್ಸು. ಬೆಳಗ್ಗೆ ಎರಡು ಗಂಟೆ ಅಲೆಯಲ್ಲಿ ಒದ್ದಾಡಿ ಬಂದವರ ಮೆದುಳಿನಲ್ಲಿ ಭೂತಕಾಲದ ರೂಪ ನಿಲ್ಲುವುದಿಲ್ಲ. ಪಾಠ ಬೆಳಗ್ಗೆ, ಸರ್ಫ್ ಸಂಜೆ ಎಂದಾದರೆ ಸರಿ. ಸರ್ಫ್ ಕಲಿಸುವವನು ಊರಿನ ಹುಡುಗನಾಗಿದ್ದು ‘ರೇಮಾ, ರೇಮಾ!’ ಎಂದು ಕೂಗಿ ಕೈಯಿಂದ ನೀರು ತಳ್ಳಲು ಹೇಳಿಕೊಟ್ಟರೆ ಆ ಆಜ್ಞಾರ್ಥಕ ರೂಪ ಜನ್ಮದಲ್ಲಿ ಮರೆಯುವುದಿಲ್ಲ. ಕಲಿಯಲು ಕಾರಿಸಾಲಿಯೊ ಸಾಕು. ಸಿಕಾತೆಲಾ ಪಳಗಿದವರಿಗೆ ಮೀಸಲು. ಅಲ್ಲಿನ ಸೆಳೆತಕ್ಕೆ ಈಜು ಬಲ್ಲವರೂ ಸಿಕ್ಕಿಬೀಳುತ್ತಾರೆ. ಕೆಂಪು ಬಾವುಟ ಹಾರುತ್ತಿದ್ದರೆ ಮೊಣಕಾಲಿನಷ್ಟು ನೀರಿಗೂ ಇಳಿಯಬೇಡಿ.

ಈಗ ಮನೆ. ಶಾಲೆಯವರ ಬಳಿ ಆತಿಥ್ಯ ನೀಡುವ ಕುಟುಂಬಗಳ ಪಟ್ಟಿ ಇರುತ್ತದೆ. ಅಲ್ಲಿಯೂ ಕೇಳಿ: ಮನೆಯಲ್ಲಿ ಯಾರು ಯಾರು ಇರುತ್ತಾರೆ, ಊಟ ಒಟ್ಟಿಗೇ ಮಾಡುತ್ತಾರೆಯೇ, ಅದೇ ಹೊತ್ತಿನಲ್ಲಿ ಬೇರೆ ವಿದೇಶಿ ವಿದ್ಯಾರ್ಥಿ ಇರುತ್ತಾರೆಯೇ. ಕೊನೆಯ ಪ್ರಶ್ನೆ ಮುಖ್ಯ. ಒಂದೇ ಮನೆಯಲ್ಲಿ ಇಬ್ಬರು ವಿದೇಶಿಯರಿದ್ದರೆ ಮೂರನೆಯ ದಿನಕ್ಕೆ ಇಬ್ಬರೂ ಇಂಗ್ಲಿಷಿಗೆ ಜಾರಿರುತ್ತಾರೆ. ಅಜ್ಜಿಯೋ ಚಿಕ್ಕ ಮಕ್ಕಳೋ ಇರುವ ಮನೆ ಸಿಕ್ಕರೆ ಬಿಡಬೇಡಿ. ಅಜ್ಜಿಗೆ ಹೇಳಿದ ಕಥೆಯನ್ನೇ ಮತ್ತೆ ಹೇಳಲು ಬೇಸರವಿಲ್ಲ. ಮಕ್ಕಳು ನಿಮ್ಮ ತಪ್ಪನ್ನು ಮುಲಾಜಿಲ್ಲದೆ ತಿದ್ದುತ್ತಾರೆ.

ಮನೆಯೊಡತಿಯನ್ನು ‘ಸೆಞೋರಾ’ ಎನ್ನಿ, ಹಿರಿಯರಾದರೆ ಹೆಸರಿಗೆ ಮೊದಲು ‘ದೊಞಾ’ ಸೇರಿಸಿ. ಅವರೊಂದಿಗೆ ‘ಉಸ್ತೆದ್’, ಅಂದರೆ ನಮ್ಮ ‘ನೀವು’. ಅವರೇ ‘ತೂ’ ಎನ್ನು ಎಂದ ಮೇಲೆ ಏಕವಚನಕ್ಕೆ ಇಳಿಯಿರಿ. ಪುಸ್ತಕ ಸ್ಪೇನಿನದಾಗಿದ್ದರೆ ಅದರಲ್ಲಿನ ‘ಬೊಸೋತ್ರೋಸ್’ ಎಂಬ ಬಹುವಚನವನ್ನು ದಾಟಿ ಮುಂದೆ ಹೋಗಿ, ಮೆಕ್ಸಿಕೊದಲ್ಲಿ ಅದು ಬಳಕೆಯಲ್ಲಿಲ್ಲ. ಹಿಡಿಯುವುದಕ್ಕೆ ಸ್ಪೇನಿನ ಪುಸ್ತಕಗಳು ಕಲಿಸುವ ‘ಕೊಹೆರ್’ ಎಂಬ ಕ್ರಿಯಾಪದ ಇಲ್ಲಿ ಅಶ್ಲೀಲ. ಟ್ಯಾಕ್ಸಿ ಹಿಡಿಯಲು ‘ತೊಮಾರ್’ ಎನ್ನಿ.

6. ಊಟದ ಮೇಜು

ಮುಖ್ಯ ಊಟ ‘ಕೊಮಿದಾ’, ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ. ಊಟ ಮುಗಿದ ಮೇಲೆ ಯಾರೂ ಥಟ್ಟನೆ ಏಳುವುದಿಲ್ಲ; ತಟ್ಟೆಗಳು ಅಲ್ಲೇ ಇರುತ್ತವೆ, ಮಾತು ಸಾಗುತ್ತದೆ. ಈ ‘ಸೊಬ್ರೆಮೇಸಾ’ದ ಒಂದು ಗಂಟೆ ನೀವು ಹಣ ಕೊಟ್ಟು ಕೊಂಡ ಯಾವ ಪಾಠಕ್ಕಿಂತಲೂ ಬೆಲೆಬಾಳುವಂಥದ್ದು. ಮೊಬೈಲ್ ಕೋಣೆಯಲ್ಲೇ ಇರಲಿ. ಅರ್ಥವಾಗದಿದ್ದರೆ ‘ಮಾಂದೆ?’ ಎನ್ನಿ, ಮೆಕ್ಸಿಕೊದಲ್ಲಿ ‘ಏನಂದಿರಿ?’ ಎಂದು ವಿನಯದಿಂದ ಕೇಳುವ ರೀತಿ ಅದು. ಬರೀ ತಲೆಯಾಡಿಸಬೇಡಿ, ನಮ್ಮ ತಲೆಯಾಡಿಸುವಿಕೆ ಹೌದೋ ಅಲ್ಲವೋ ಎಂದು ಅವರಿಗೆ ತಿಳಿಯುವುದೂ ಇಲ್ಲ.

ಸಸ್ಯಾಹಾರಿಗಳಿಗೆ ಎಚ್ಚರಿಕೆಯ ಮಾತು. ‘ಸಿನ್ ಕಾರ್ನೆ’ ಎಂದರೆ ಮಾಂಸವಿಲ್ಲದ್ದು ಎಂದರ್ಥವಾದರೂ ಹಲವರ ಲೆಕ್ಕದಲ್ಲಿ ಕೋಳಿ ಮಾಂಸವಲ್ಲ. ವಹಾಕಾದ ಹೆಸರಾಂತ ತ್ಲಯೂದಾವನ್ನೇ ನೋಡಿ: ತಟ್ಟೆಗಿಂತ ಅಗಲವಾದ ಗರಿಗರಿ ಮೆಕ್ಕೆಜೋಳದ ರೊಟ್ಟಿ, ಮೇಲೆ ಕಪ್ಪು ಬೀನ್ಸ್ ಕಾಳಿನ ಲೇಪ, ಎಳೆಎಳೆಯಾದ ಕೆಸಿಯೊ ಚೀಸ್. ನೋಡಲು ಪರಮ ಸಾತ್ವಿಕ. ಆದರೆ ರೊಟ್ಟಿಗೆ ಮೊದಲು ಸವರುವುದು ‘ಅಸಿಯೆಂತೊ’ ಎಂಬ ಹಂದಿಕೊಬ್ಬಿನ ಗಸಿ. ಅನ್ನಕ್ಕೆ ಕೋಳಿಯ ಸಾರು, ಬೀನ್ಸ್ ಕಾಳಿಗೆ ‘ಮಂತೇಕಾ’ ಎಂಬ ಹಂದಿಕೊಬ್ಬು ಸೇರಿರುವುದೂ ಉಂಟು. ಆದ್ದರಿಂದ ಈ ಎರಡು ಸಾಲು ಬಾಯಿಪಾಠವಿರಲಿ: ‘ನೊ ಕೋಮೊ ಕಾರ್ನೆ, ನಿ ಪೋಯೊ, ನಿ ಪೆಸ್ಕಾದೊ’ (ಮಾಂಸ, ಕೋಳಿ, ಮೀನು ತಿನ್ನುವುದಿಲ್ಲ), ‘ಯೇಬಾ ಮಂತೇಕಾ?’ (ಇದಕ್ಕೆ ಕೊಬ್ಬು ಹಾಕಿದೆಯೇ?). ತ್ಲಯೂದಾಕ್ಕೆ ‘ಸಿನ್ ಅಸಿಯೆಂತೊ’. ಮನೆ ಗೊತ್ತುಪಡಿಸುವಾಗಲೇ ಇದನ್ನು ಬರೆದು ತಿಳಿಸಿ. ನೊಪಾಲ್ ಕಳ್ಳಿಯ ಪಲ್ಯ, ಕುಂಬಳ ಹೂವಿನ ಕೆಸದಿಯಾ, ಬಗೆಬಗೆಯ ಮೆಣಸಿನಕಾಯಿಯ ಸಾಲ್ಸಾ, ಹಸಿವಿನಿಂದ ಯಾರೂ ಬಳಲುವುದಿಲ್ಲ. ಮೇಲೆ ಉದುರಿಸಿದ ಕೆಂಪಗಿನ ಹುರಿದ ಪದಾರ್ಥ ಏನೆಂದು ಕೇಳದೆ ತಿನ್ನಬೇಡಿ. ಚಾಪುಲೀನೆಸ್, ಅಂದರೆ ಮಿಡತೆ, ಆಗಿರಬಹುದು.

ನಲ್ಲಿಯ ನೀರು ಕುಡಿಯುವಂತಿಲ್ಲ. ಮನೆಗಳಲ್ಲಿ 20 ಲೀಟರಿನ ಕ್ಯಾನ್ ಇರುತ್ತದೆ, ‘ಗರ್ರಫೊನ್’.

7. ಮಧ್ಯಾಹ್ನದ ನಂತರ: ಮಾರುಕಟ್ಟೆಯನ್ನೇ ಶಾಲೆ ಮಾಡಿಕೊಳ್ಳುವುದು

ವಾರಕ್ಕೆ ಮೂರು ದಿನವಾದರೂ ಬೆನಿತೊ ಹುವಾರೆಸ್ ಮಾರುಕಟ್ಟೆಗೆ ಹೋಗಿ. ಒಂದೇ ಸಲ ಸಾಮಾನು ತುಂಬಿಸಿಕೊಳ್ಳಬೇಡಿ. ಇಂದು ಎರಡು ಟೊಮೆಟೊ, ನಾಳಿದ್ದು ಅರ್ಧ ಕಿಲೊ ಸೀಬೆ, ಹೀಗೆ ಚೂರುಚೂರು ಕೊಳ್ಳುವುದೇ ಉಪಾಯ, ಮತ್ತು ಪ್ರತಿ ಸಲವೂ ಅದೇ ಅಂಗಡಿ.

ಅಲ್ಲಿನ ಮಾತು ಹೀಗೆ ನಡೆಯುತ್ತದೆ. ನೀವು ಹಣ್ಣಿನ ರಾಶಿಯ ಮುಂದೆ ನಿಂತಿರಿ. ಸೆರಗಿನಂತೆ ‘ರೆಬೋಸೊ’ ಹೊದ್ದ ಹೆಂಗಸು ತಲೆಯೆತ್ತಿ ‘ಕೆ ಬಾ ಅ ಯೆಬಾರ್, ಹೋಬೆನ್?’ ಎನ್ನುತ್ತಾಳೆ: ಏನು ಬೇಕು, ಹುಡುಗಾ? ನಲವತ್ತು ದಾಟಿದವರನ್ನೂ ‘ಹೋಬೆನ್’ ಎನ್ನುತ್ತಾರೆ, ಖುಷಿಪಡಿ. ಮೊದಲು ‘ಬುಯೇನಾಸ್ ತಾರ್ದೆಸ್’ ಹೇಳಬೇಕು, ನೇರ ಬೆಲೆ ಕೇಳುವುದು ಒರಟುತನ. ಬಳಿಕ ‘ಅ ಕೊಮೊ ಎಲ್ ಕಿಲೊ?’ ಕಿಲೊ ಹೇಗೆ? ಬೆಲೆ ಹೇಳುತ್ತಾಳೆ. ಅದನ್ನು ನೀವೇ ಒಮ್ಮೆ ಪುನಃ ಹೇಳಿ, ಕಿವಿ ಸರಿಯಾಗಿ ಹಿಡಿಯಿತೇ ಎಂದು ಆಗ ತಿಳಿಯುತ್ತದೆ. ‘ಮೇದಿಯೊ, ಪೊರ್ ಫಬೊರ್’ ಎಂದರೆ ಅರ್ಧ ಕಿಲೊ. ಹಣ್ಣಾದದ್ದು ಇಂದಿಗೆ ಬೇಕೋ ನಾಳೆಗೋ ಎಂದು ಅವಳು ಕೇಳಬಹುದು: ‘ಪಾರಾ ಓಯ್ ಒ ಪಾರಾ ಮಞಾನಾ?’ ಕೊಡುವಾಗ ಐನೂರರ ನೋಟು ತೆಗೆದರೆ ‘ನೊ ತೇಂಗೊ ಕಾಂಬಿಯೊ’ ಎಂಬ ಉತ್ತರ ಗ್ಯಾರಂಟಿ. ಚಿಲ್ಲರೆ ಅಭಾವ ಅಲ್ಲಿಯೂ ನಮ್ಮಲ್ಲಿಯಷ್ಟೇ.

ಮೂರನೆಯ ಭೇಟಿಗೆ ಅವಳೇ ನಿಮ್ಮ ಊರು ಕೇಳುತ್ತಾಳೆ. ‘ದೆ ಲಾ ಇಂದಿಯಾ’ ಎಂದ ಕೂಡಲೇ ಮಾತಿಗೆ ದಾರಿ ತೆರೆಯುತ್ತದೆ. ಅಲ್ಲಿ ರಾಶಿ ಬಿದ್ದಿರುವ ಪಪಾಯ, ಸೀಬೆ, ಸಪೋಟ, ಶೇಂಗಾ, ಮೆಣಸಿನಕಾಯಿ ಎಲ್ಲ ನಿಮ್ಮೂರಲ್ಲೂ ಬೆಳೆಯುತ್ತವೆ ಎಂದರೆ ನಂಬುವುದೇ ಇಲ್ಲ. ಇವೆಲ್ಲ ಅಮೆರಿಕ ಖಂಡದಿಂದಲೇ ನಮ್ಮ ಕಡೆಗೆ ಬಂದವು. ಮಾವು ಮಾತ್ರ ನಮ್ಮ ಕಡೆಯಿಂದ ಅತ್ತ ಹೋದದ್ದು, ಫಿಲಿಪ್ಪೀನ್ಸ್ ಸುತ್ತಿಕೊಂಡು. ಅಲ್ಲಿನ ಒಂದು ತಳಿಗೆ ಇಂದಿಗೂ ‘ಮನೀಲಾ’ ಎಂದೇ ಹೆಸರು. ಇಷ್ಟನ್ನು ಭೂತಕಾಲದಲ್ಲಿ ಹೇಳಿ ಮುಗಿಸಿದರೆ ಆ ದಿನದ ಮನೆಪಾಠ ಆದಂತೆ.

ಮಾರುಕಟ್ಟೆಗೆ ಬರುವವರಲ್ಲಿ ಬೆಟ್ಟದ ಕಡೆಯ ಚತಿನೊ, ಸಪೊತೆಕ್ ಭಾಷಿಕರೂ ಇದ್ದಾರೆ. ಅವರಲ್ಲಿ ಕೆಲವರಿಗೆ ಸ್ಪ್ಯಾನಿಷ್ ಎರಡನೆಯ ಭಾಷೆ. ಇತ್ತ ಕರಾವಳಿಯ ಮೀನುಗಾರರು ಪದದ ಕೊನೆಯ ಸಕಾರವನ್ನು ನುಂಗಿಬಿಡುತ್ತಾರೆ. ಶಾಲೆಯ ಶಿಕ್ಷಕಿಯ ಸ್ವಚ್ಛ ಉಚ್ಚಾರಕ್ಕೆ ಒಗ್ಗಿದ ಕಿವಿಗೆ ಇದು ಮೊದಲು ಗಲಿಬಿಲಿ. ಚಿಂತಿಸಬೇಡಿ, ಅಂಗಡಿಯಲ್ಲಿ ಮಾತಿನ ವಿಷಯ ಮೊದಲೇ ಗೊತ್ತಿರುವುದರಿಂದ ಅರ್ಧ ಊಹೆಗೆ ಸಿಗುತ್ತದೆ.

ಓಡಾಟಕ್ಕೆ ಹಂಚಿಕೊಂಡು ಹತ್ತುವ ಟ್ಯಾಕ್ಸಿ ‘ಕೊಲೆಕ್ತೀಬೊ’ ಮತ್ತು ಹಿಂದೆ ಬೆಂಚು ಜೋಡಿಸಿದ ಪಿಕಪ್ ಗಾಡಿ. ಹತ್ತುವಾಗ ಎಲ್ಲರಿಗೂ ನಮಸ್ಕಾರ ಹೇಳುವುದು ವಾಡಿಕೆ. ಇಳಿಯಲು ‘ಆಕಿ ಬಾಹೊ, ಪೊರ್ ಫಬೊರ್’. ಊಟದ ಸಣ್ಣ ಅಂಗಡಿಯಲ್ಲಿ, ಅಂದರೆ ‘ಫೋಂದಾ’ದಲ್ಲಿ, ಪಕ್ಕದ ಮೇಜಿನವರು ಉಣ್ಣುತ್ತಿದ್ದರೆ ಹಾದುಹೋಗುವಾಗ ‘ಪ್ರೊಬೇಚೊ’ ಎನ್ನಿ. ಇಂಥ ನಾಲ್ಕು ಮರ್ಯಾದೆಯ ಮಾತುಗಳು ನಿಮ್ಮನ್ನು ಪ್ರವಾಸಿಗರ ಸಾಲಿನಿಂದ ಹೊರತರುತ್ತವೆ. ಆಮೇಲೆ ಜನ ಇಂಗ್ಲಿಷಿಗೆ ಹೊರಳುವುದು ಕಡಿಮೆಯಾಗುತ್ತದೆ. ಹೊರಳಿದರೆ ‘ಎಸ್ತೊಯ್ ಅಪ್ರೆಂದಿಯೆಂದೊ’ (ಕಲಿಯುತ್ತಿದ್ದೇನೆ) ಎನ್ನಿ. ಮೆಕ್ಸಿಕೊದವರು ಉದಾರಿಗಳು, ಕಾಯುತ್ತಾರೆ.

ಸಂಜೆಗಳಿಗೆ ಬೇರೆ ದಾರಿಗಳೂ ಇವೆ. ಬಕೋಚೊ ತೀರದಲ್ಲಿ ಆಮೆಮರಿಗಳನ್ನು ಕಡಲಿಗೆ ಬಿಡುವಾಗ ಸ್ವಯಂಸೇವಕರು ಸ್ಪ್ಯಾನಿಷ್‌ನಲ್ಲಿ ವಿವರಿಸುತ್ತಾರೆ. ಪಶ್ಚಿಮಕ್ಕೆ ಸುಮಾರು 15 ಕಿಲೊಮೀಟರ್ ದೂರದ ಮನಿಯಾಲ್ತೆಪೆಕ್ ಸರೋವರದಲ್ಲಿ ಕತ್ತಲ ರಾತ್ರಿ ಕೈಯಾಡಿಸಿದರೆ ನೀರು ಹೊಳೆಯುತ್ತದೆ. ದೋಣಿಯವನ ಜೊತೆ ಇಂಗ್ಲಿಷ್ ಮಾರ್ಗದರ್ಶಿ ಬೇಡ ಎಂದು ಮೊದಲೇ ಹೇಳಿ.

8. ಮಂಕು ಕವಿಯುವ ವಾರ

ಎರಡನೆಯ ವಾರದ ಕೊನೆಗೋ ಮೂರನೆಯದರ ಆರಂಭಕ್ಕೋ ಎಲ್ಲವೂ ನಿಂತಂತೆ ಅನ್ನಿಸುತ್ತದೆ. ನಿನ್ನೆ ಬಂದ ಪದ ಇಂದು ಬಾಯಿಗೆ ಬರುವುದಿಲ್ಲ, ಸಂಜೆಗೆ ತಲೆ ಭಾರ. ಹೊಸ ಕಾಲರೂಪಗಳು ಹಳೆಯವನ್ನು ಕದಡುತ್ತಿರುತ್ತವೆ, ಇದು ಕಲಿಕೆಯ ಲಕ್ಷಣವೇ. ಆಗ ತರಗತಿಯ ಗಂಟೆ ಹೆಚ್ಚಿಸಬೇಡಿ. ಒಂದು ದಿನ ಪಾಠಕ್ಕೆ ರಜೆ ಹಾಕಿ, ಆದರೆ ಸ್ಪ್ಯಾನಿಷ್‌ಗೆ ರಜೆ ಬೇಡ: ಅಜ್ಜಿಯ ಜೊತೆ ಕಾಳು ಆರಿಸಿ, ಮಕ್ಕಳ ಜೊತೆ ‘ಲೊತೆರೀಯಾ’ ಚಿತ್ರದ ಆಟವಾಡಿ. ರಾತ್ರಿ ಊರಿಗೆ ಕರೆ ಮಾಡಿ ಕನ್ನಡದಲ್ಲಿ ಗಂಟೆಗಟ್ಟಲೆ ಹರಟುವ ಆಸೆಯಾಗುವುದೂ ಆಗಲೇ. ಹರಟಿ, ತಪ್ಪೇನಿಲ್ಲ. ದಿನದಲ್ಲಿ ಒಂದೇ ಹೊತ್ತು ಎಂದು ಗೊತ್ತುಪಡಿಸಿಕೊಂಡರೆ ಸಾಕು.

ಪ್ರತಿ ರಾತ್ರಿ ಹತ್ತು ಸಾಲು ದಿನಚರಿ ಬರೆಯಿರಿ, ಬೆಳಗ್ಗೆ ಶಿಕ್ಷಕರಿಂದ ತಿದ್ದಿಸಿಕೊಳ್ಳಿ. ಒಂದೇ ತಪ್ಪು ಮೂರು ಸಲ ಕೆಂಪು ಶಾಯಿ ಕಂಡರೆ ಆ ವಾರದ ಪಾಠ ಅದೇ.

9. ಮರಳಿದ ಮೇಲೆ

ಕಲಿತದ್ದು ಬೇಗ ಸೋರುತ್ತದೆ. ಹೊರಡುವ ಮುನ್ನವೇ ಶಿಕ್ಷಕರೊಬ್ಬರೊಂದಿಗೆ ವಾರಕ್ಕೊಮ್ಮೆ ವೀಡಿಯೊ ಪಾಠ ಗೊತ್ತುಮಾಡಿಕೊಳ್ಳಿ.

ಪ್ರಮಾಣಪತ್ರ ಬೇಕೆನ್ನುವವರಿಗೆ ಎರಡು ದಾರಿ. ಡೆಲೆ ಪರೀಕ್ಷೆ ಆರಂಭಿಕರ ಎ1ರಿಂದ ಪರಿಣತರ ಸಿ2ವರೆಗೆ ಮಟ್ಟವಾರು ನಡೆಯುತ್ತದೆ, ಪಾಸಾದರೆ ಆ ಪತ್ರಕ್ಕೆ ಕಾಲಮಿತಿಯಿಲ್ಲ. ಸಿಯೆಲೆ ಗಣಕಯಂತ್ರದ ಮೇಲೆ ಬರೆಯುವಂಥದ್ದು. ಸ್ಪ್ಯಾನಿಷ್ ಭಾಷೆಯ ಪ್ರಸಾರಕ್ಕೆಂದಿರುವ ಸ್ಪೇನಿನ ಸೆರ್ವಾಂತೆಸ್ ಸಂಸ್ಥೆಯ ಜೊತೆ ಮೆಕ್ಸಿಕೊದ ರಾಷ್ಟ್ರೀಯ ವಿಶ್ವವಿದ್ಯಾಲಯವೂ ಅದರಲ್ಲಿ ಪಾಲುದಾರ, ಫಲಿತಾಂಶಕ್ಕೆ ಐದು ವರ್ಷದ ಬೆಲೆ. ಲ್ಯಾಟಿನ್ ಅಮೆರಿಕದ ಗ್ರಾಹಕರೊಂದಿಗೆ ವ್ಯವಹರಿಸುವ ಕಂಪನಿಯಲ್ಲಿ ಬೇಗ ತೋರಿಸಬೇಕಾದರೆ ಸಿಯೆಲೆ, ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ಯೋಚನೆಯಿದ್ದರೆ ಡೆಲೆ ಎಂಬುದು ನನ್ನ ಸಲಹೆ. ಎರಡಕ್ಕೂ ಮಾತಾಡುವ ಭಾಗ ಇದೆ, ಅದಕ್ಕೆ ಮಾರುಕಟ್ಟೆಯ ಅಭ್ಯಾಸ ಸಾಲುತ್ತದೆ. ಬರವಣಿಗೆಗೆ ಬೇರೆಯೇ ತಯಾರಿ ಬೇಕು.

ಆತಿಥ್ಯ ನೀಡಿದ ಮನೆಗೆ ಕರೆ ಮಾಡುವಾಗ ಗಡಿಯಾರ ನೋಡಿಕೊಳ್ಳಿ. ಮೆಕ್ಸಿಕೊ 2022ರಲ್ಲಿ ಬೇಸಿಗೆಯ ಗಡಿಯಾರ ಬದಲಾವಣೆಯನ್ನು ಕೈಬಿಟ್ಟಿರುವುದರಿಂದ ವರ್ಷವಿಡೀ ನಮ್ಮಿಂದ ಹನ್ನೊಂದೂವರೆ ಗಂಟೆ ಹಿಂದೆ. ನಮ್ಮ ಬೆಳಗಿನ ಏಳೂವರೆಗೆ ಅಲ್ಲಿ ಹಿಂದಿನ ದಿನದ ರಾತ್ರಿ ಎಂಟು, ಲಘು ಊಟ ‘ಸೇನಾ’ ಮುಗಿಯುವ ಹೊತ್ತು. ಎಲ್ಲರೂ ಮೇಜಿನ ಬಳಿಯೇ ಇರುತ್ತಾರೆ.